ಶಾಲೆಯ ದೂರ

ಕ್ಯಾರಿಯರಿಗೆ ಪುಸ್ತಕದ ಚೀಲ ಸಿಕ್ಕಿಸಿ, ಬೆಲ್ಲು ಬಾರಿಸುತ್ತ, ಹರಟುತ್ತ, ಸಾಲಾಗಿ ಸೈಕಲ್ ತುಳಿದುಹೋಗುವ ಹುಡುಗಿಯರ ನೋಟವು ನಮಗೆ ಅತಿ ಪರಿಚಿತವಾದುದರಿಂದಲೇ ಅದರ ಮಹತ್ವ ನಮ್ಮ ಗಮನಕ್ಕೆ ಬಾರದು.

2006ರಲ್ಲಿ ಬಿಹಾರ ಸರ್ಕಾರವು ಒಂಬತ್ತನೆಯ ತರಗತಿಯ ಬಾಲಕಿಯರಿಗೆ ಸೈಕಲ್ ಕೊಳ್ಳಲು ಹಣ ನೀಡಲಾರಂಭಿಸಿತು. ಇಂಥ ಹಣ ಪೋಲಾದೀತೆಂಬ ಶಂಕೆ ಯಾರಿಗಾದರೂ ಸಹಜವೇ. ಆದರೆ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀಥ್ ಪ್ರಕಾಶ್ ಅವರು, ನೆರೆಯ ಜಾರ್ಖಂಡಿನೊಡನೆ ತುಲನೆ ಮಾಡಿ ಸಾವಧಾನದಿಂದ ಪರಿಶೀಲಿಸಲಾಗಿ, ಪ್ರೌಢಶಾಲೆಗೆ ಸೇರುವ ಬಾಲಕಿಯರ ಪ್ರಮಾಣವು ಶೇಕಡ 32ರಷ್ಟು ವೃದ್ಧಿಸಿದ್ದು ಕಂಡುಬಂದಿತು. ಆ ವೃದ್ಧಿಯ ಬಹುಭಾಗವು ಶಾಲೆಯಿಂದ 3 ಕಿಲೋಮೀಟರಿಗೂ ದೂರವಿದ್ದ ಹಳ್ಳಿಗಳದೇ ಆಗಿತ್ತು. ಮಗಳನ್ನು ಮನೆಯಲ್ಲಿರಿಸಿಕೊಂಡ ತಂದೆತಾಯಿಯರನ್ನು ದೂಷಿಸುವುದು ನಮಗೆ ಬಲು ಸುಲಭ. ಅವಳನ್ನು ತಡೆದದ್ದು ಎಷ್ಟೋ ಕಡೆ ಆ ನಿರ್ಜನವಾದ ದಾರಿ.

ಮುಂದೆ ಆಫ್ರಿಕಾದ ಜಾಂಬಿಯಾದಲ್ಲಿ, ಸೈಕಲ್ ಹಂಚುವ ಒಂದು ಸೇವಾಸಂಸ್ಥೆಯೂ ಸಂಶೋಧಕರೂ ಕೈಜೋಡಿಸಿ ನಡೆಸಿದ ಪ್ರಯೋಗದಲ್ಲಿಯೂ ಬಾಲಕಿಯರ ಗೈರುಹಾಜರಿ ತಗ್ಗಿತು. ಲೆಕ್ಕವಿಲ್ಲದ ಅನುಕಂಪಕ್ಕಿಂತ ಇಂಥ ಸಹಯೋಗವೇ ಮೇಲೆಂದು ನನ್ನ ಎಣಿಕೆ.

ನಿಮ್ಮೂರಿನಲ್ಲಿ ಏಳನೆಯ ತರಗತಿಗೇ ಓದು ನಿಲ್ಲಿಸಿದ ಹುಡುಗಿಯಿದ್ದರೆ, ಪ್ರೌಢಶಾಲೆ ಎಷ್ಟು ದೂರವೆಂದು ಮೊದಲು ವಿಚಾರಿಸಿ, ಶಾಲಾ ಸಮಿತಿಯ ಮುಂದಿನ ಸಭೆಯಲ್ಲಿ ಆ ಮಾತನ್ನು ದಯವಿಟ್ಟು ಎತ್ತಿರಿ.