ಯಾವ ಮರಿ ಮಾರೋದು, ಯಾವ ಮರಿ ಉಳಿಸೋದು?
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ತಾಳವಾಡಿ ಕಡೆ ಜಮೀನಿಲ್ಲದ ಹುಡುಗರು ಮನೆ ಹಿಂದೆ ನಾಲ್ಕು ಗೂಡು ಇಟ್ಟುಕೊಂಡು ಮೊಲ ಸಾಕಬಹುದಾ ಅಂತ ಕೇಳ್ತಾರೆ. ಸಾಕಬಹುದು. ಆದರೆ ಕಾಡು ಮೊಲದ ಸುದ್ದಿಗೆ ಹೋಗಬೇಡಿ. ಅದನ್ನ ಹಿಡಿಯೋದು ಅಪರಾಧ, ಅದರ ಜಾತಿಯೇ ಬೇರೆ, ಸಾಕು ಮೊಲದ ಜೊತೆ ಕೂಡಿ ಮರಿಯೂ ಆಗಲ್ಲ. ನಾನು ಹೇಳ್ತಿರೋದು ಯುರೋಪಿನಿಂದ ಬಂದ ಸಾಕು ಮೊಲ. ನಮ್ಮ ತಮಿಳುನಾಡಿನಲ್ಲೇ ಕೊಡೈಕೆನಾಲ್ ಹತ್ತಿರದ ಮನ್ನವನೂರಿನಲ್ಲಿ ಕೇಂದ್ರ ಸರ್ಕಾರದ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ಶಾಖೆ ಇದೆ. ಅಲ್ಲಿ ವೈಟ್ ಜೈಂಟ್, ಸೋವಿಯತ್ ಚಿಂಚಿಲ್ಲಾ ತಳಿಗಳನ್ನ ಸಾಕ್ತಾರೆ.

ಹೆಣ್ಣು ಮೊಲ 31 ದಿನಕ್ಕೆ ಮರಿ ಹಾಕುತ್ತೆ, ಒಂದು ಸೂಲಿಗೆ ಆರೇಳು ಮರಿ. ಮೂರು ತಿಂಗಳಲ್ಲಿ ಎರಡು ಕಿಲೋ ಆಸುಪಾಸು. ಗಿರಾಕಿ ಬಂದಾಗ ನಾವು ಮಾಡೋದೇನು? ದಪ್ಪಗಿರೋದನ್ನ ಎತ್ತಿ ಕೊಡ್ತೀವಿ. ನೆಂಟರು ಬಂದರೆ ಅದರ ನಂತರದ್ದು ಸಾರಿಗೆ. ಕೊನೆಗೆ ಉಳಿಯೋದು ಸಣಕಲು ಮರಿ, ಅದೇ ಮುಂದಿನ ತಾಯಿ! ಹೀಗೆ ಮೂರು ತಲೆಮಾರು ನಡೆದರೆ ತಳಿ ತಾನಾಗೇ ಕುಗ್ಗುತ್ತೆ. ಆಮೇಲೆ ‘ಮೇವು ಸರಿಯಿಲ್ಲ’ ಅಂತೀವಿ.

ಇನ್ನು ಕೊಬ್ಬಿನ ಮಾತು. ಮೊಲದ ಕೊಬ್ಬು ಎರಡು ಥರ. ಒಂದು ಕಿಡ್ನಿ ಸುತ್ತ, ಹೆಗಲ ನಡುವೆ ಕೂರುವ ಬಿಳಿ ಗಡ್ಡೆ. ತಿನ್ನೋರು ಅದನ್ನ ಕಿತ್ತು ಎಸೀತಾರೆ, ಅಂದರೆ ನೀವು ಹಾಕಿದ ಮೇವೂ ಎಸೆದಂಗೆ. ಇನ್ನೊಂದು ಮಾಂಸದ ಎಳೆಯೊಳಗೇ ಇರೋದು, ಬೆನ್ನಿನ ಮಾಂಸದಲ್ಲಿ ನೂರು ಗ್ರಾಮಿಗೆ ಒಂದು ಗ್ರಾಮಿನಷ್ಟು. ರುಚಿಯ ಮಾತು ಬಂದಾಗ ತಜ್ಞರು ನೋಡೋದು ಇದನ್ನ.

ಸ್ಪೇನ್ ದೇಶದ ವೆಲೆನ್ಸಿಯಾದಲ್ಲಿ ವಿಶ್ವವಿದ್ಯಾಲಯದವರು ಇದರ ಮೇಲೇ ಕೆಲಸ ಮಾಡಿದರು. ಒಂದೇ ಮೂಲದ ಮೊಲಗಳನ್ನ ಎರಡು ಸಾಲು ಮಾಡಿದರು: ಒಂದರಲ್ಲಿ ಒಳಕೊಬ್ಬು ಹೆಚ್ಚಿರುವ ವಂಶ, ಇನ್ನೊಂದರಲ್ಲಿ ಕಡಿಮೆ ಇರುವ ವಂಶ. ಬದುಕಿರುವ ಮೊಲದ ಒಳಕೊಬ್ಬು ಅಳೆಯೋದು ಹೇಗೆ? ಅದಕ್ಕೆ ಅವರು ಒಡಹುಟ್ಟಿದ ಎರಡು ಮರಿ ಕೊಯ್ದು ಅಳೆದು, ಉಳಿದ ಅಕ್ಕತಮ್ಮಂದಿರನ್ನ ಆರಿಸಿದರು. ಮೊಲಗಳ ನಡುವಿನ ವ್ಯತ್ಯಾಸದಲ್ಲಿ ಸುಮಾರು ಅರ್ಧ ವಂಶದಿಂದಲೇ ಬರುತ್ತೆ ಅಂತ ಲೆಕ್ಕ ಸಿಕ್ಕಿತು. ಕೆಲವು ತಲೆಮಾರಿಗೆ ಎರಡು ಸಾಲೂ ಎದ್ದು ಕಾಣುವಂತೆ ಬೇರೆಯಾದವು. ಆದರೆ ಒಳಕೊಬ್ಬು ಏರಿದ ಸಾಲಲ್ಲಿ ಕಿಡ್ನಿ ಸುತ್ತಿನ ಗಡ್ಡೆಯೂ ಏರಿತು. ಬೇಕಾದ್ದು ಕೇಳಿದರೆ ಬೇಡವಾದ್ದೂ ಜೊತೆಗೆ ಬರುತ್ತೆ.

ಬೇಗ ಬೆಳೆಯೋದನ್ನೇ ಆರಿಸಿದರೂ ಒಂದು ತೊಡಕಿದೆ. ದೊಡ್ಡ ತಳಿ ಎರಡು ಕಿಲೋ ತೂಗುವಾಗ ಇನ್ನೂ ಎಳಸು, ಕೊಬ್ಬು ಕೂತಿರಲ್ಲ. ಸಣ್ಣ ತಳಿ ಅದೇ ತೂಕಕ್ಕೆ ಬಲಿತಿರುತ್ತೆ. ಆದ್ದರಿಂದ ಬೇರೆ ಬೇರೆ ತಳಿಯ ಕೊಬ್ಬನ್ನ ಒಂದೇ ತೂಕದಲ್ಲಿ ಹೋಲಿಸಿದರೆ ಮೋಸ ಹೋಗ್ತೀವಿ. ಮೇವಿನ ಪಾತ್ರವೂ ಇದೆ. ಕುರಿಯ ಹೊಟ್ಟೆಯಲ್ಲಿ ಮೇವಿನ ಎಣ್ಣೆ ಮೊದಲೇ ಮಾರ್ಪಾಡಾಗುತ್ತೆ, ಮೊಲದಲ್ಲಿ ಅದು ಬಹುಪಾಲು ಹಾಗೇ ಮೈಗೆ ಸೇರುತ್ತೆ. ನೀವು ಹಾಕಿದ ಹಿಂಡಿಯ ಗುಣ ಅದರ ಕೊಬ್ಬಲ್ಲಿ ಕಾಣುತ್ತೆ.

ನಮಗೆ ಪ್ರಯೋಗಾಲಯ ಬೇಡ. ಒಂದು ನೋಟ್‌ಬುಕ್ಕು, ಒಂದು ತಕ್ಕಡಿ ಸಾಕು. ಯಾವ ತಾಯಿ, ಯಾವ ಗಂಡು, ಎಷ್ಟು ಮರಿ ಬದುಕಿದವು, ಹಾಲು ಬಿಟ್ಟಾಗ ಎಷ್ಟು ತೂಕ, ಮೂರು ತಿಂಗಳಿಗೆ ಎಷ್ಟು, ಬರೀರಿ. ಮನೆಗೆ ಕೊಯ್ದಾಗ ಆ ಬಿಳಿ ಗಡ್ಡೆಯನ್ನ ಎಸೆಯೋ ಮೊದಲು ತೂಗಿ, ಅದರ ಒಡಹುಟ್ಟಿನ ಎದುರಿಗೆ ಬರೀರಿ. ಗಡ್ಡೆ ಕಡಿಮೆ, ತೂಕ ಜಾಸ್ತಿ ಇರೋ ಸೂಲಿನಿಂದ ಒಂದು ಹೆಣ್ಣು ಉಳಿಸಿ. ಯಾರು ಎಷ್ಟು ದುಡ್ಡು ಕೊಟ್ಟರೂ ಅದನ್ನ ಕೊಡಬೇಡಿ. ಅಣ್ಣತಂಗಿಯನ್ನ ಕೂಡಿಸಬೇಡಿ. ಗಂಡನ್ನ ಒಂದು ಮನೆಯಿಂದ ಇನ್ನೊಂದು ಮನೆಗೆ ಬದಲಾಯಿಸಿಕೊಳ್ಳಿ, ಅದಕ್ಕೆ ಸಂಘ ಇದೆಯಲ್ಲ.

‘ಜೋಡಿ ಕೊಡ್ತೀವಿ, ಮರಿ ನಾವೇ ವಾಪಸ್ ಕೊಳ್ತೀವಿ’ ಅಂತ ಮುಂಗಡ ಕೇಳೋರು ಬಂದರೆ, ತಾಯಿತಂದೆಯ ತೂಕದ ಪುಸ್ತಕ ತೋರಿಸಿ ಅನ್ನಿ. ಇಲ್ಲ ಅಂದರೆ ಟೀ ಕೊಟ್ಟು ಕಳಿಸಿ.

ನನ್ನ ಹತ್ರ ಎರಡು ಗಂಡು ಇವೆ. ನಾಲ್ಕು ಸೂಲಿನ ಲೆಕ್ಕ ಬರೆದ ಪುಸ್ತಕ ತಂದೋರಿಗೆ ಒಂದನ್ನ ಬದಲಿಗೆ ಕೊಡ್ತೀನಿ.