ಕಿರಿಯವನ ಎತ್ತರ



ಇವತ್ತಿನ ಮಾತು ಒಂದು ಹಳೆಯ ಅಮೆರಿಕನ್ ಹಾಸ್ಯ ಧಾರಾವಾಹಿಯ ಒಂದೇ ಒಂದು ಕಂತಿನ ಬಗ್ಗೆ. ಅಮೆರಿಕದ ಧಾರಾವಾಹಿಗೂ ಮುಂಬಯಿ, ಪುಣೆ, ದೆಹಲಿಯ ಕನ್ನಡ ಮನೆಗಳಿಗೂ ಏನಪ್ಪಾ ಸಂಬಂಧ ಅಂತ ನೀವು ಕೇಳಬಹುದು. ಸ್ವಲ್ಪ ತಾಳಿ. ಆ ಕಂತಿನ ನಾಯಕ ಅಣ್ಣತಮ್ಮಂದಿರಲ್ಲಿ ಕೊನೆಯವನು. ಕೊನೆಯವನ ಕಷ್ಟಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ.

ಧಾರಾವಾಹಿಯ ಹೆಸರು ‘ದಿ ಬ್ರೇಡಿ ಬಂಚ್’. ಅಮೆರಿಕದ ಎಬಿಸಿ ವಾಹಿನಿಯಲ್ಲಿ 1969ರ ಸೆಪ್ಟೆಂಬರ್‌ನಿಂದ 1974ರ ಮಾರ್ಚ್‌ವರೆಗೆ ಒಟ್ಟು 117 ಕಂತು ಬಂತು. ಅದನ್ನು ರೂಪಿಸಿದವರು ಶೆರ್ವುಡ್ ಶ್ವಾರ್ಟ್ಸ್. 1966ರಲ್ಲಿ ಪತ್ರಿಕೆಯೊಂದರ ಸಣ್ಣ ಸುದ್ದಿ ಅವರ ಕಣ್ಣಿಗೆ ಬಿತ್ತು. ಅಮೆರಿಕದ ಮದುವೆಗಳಲ್ಲಿ ಶೇಕಡ 30ರಷ್ಟರಲ್ಲಿ ಹಿಂದಿನ ಮದುವೆಯ ಮಗುವೋ ಮಕ್ಕಳೋ ಇರುತ್ತಾರೆ ಅಂತ ಅದರಲ್ಲಿತ್ತು. ಆ ಸುದ್ದಿಯೇ ಕತೆಯಾಯಿತು. ಮೂರು ಗಂಡುಮಕ್ಕಳ ತಂದೆ ಮೈಕ್, ಮೂರು ಹೆಣ್ಣುಮಕ್ಕಳ ತಾಯಿ ಕ್ಯಾರಲ್ ಮದುವೆಯಾಗುತ್ತಾರೆ. ಒಂದೇ ಸೂರಿನಡಿ ಆರು ಮಕ್ಕಳು. ಗ್ರೆಗ್, ಪೀಟರ್, ಬಾಬಿ ಒಂದು ಕಡೆ; ಮಾರ್ಶಾ, ಜ್ಯಾನ್, ಸಿಂಡಿ ಇನ್ನೊಂದು ಕಡೆ. ಎಲ್ಲರನ್ನೂ ಸಂಭಾಳಿಸಲು ಮನೆಗೆಲಸದ ಆಲಿಸ್.

ನಾನು ಹೇಳುತ್ತಿರುವ ಕಂತು ಪ್ರಸಾರವಾದದ್ದು 1972ರ ಜನವರಿ 7ರಂದು. ಹೆಸರು ‘ದಿ ಬಿಗ್ ಲಿಟ್ಲ್ ಮ್ಯಾನ್’. ಗಂಡುಮಕ್ಕಳಲ್ಲಿ ಕಿರಿಯವನಾದ ಬಾಬಿಯ ಕತೆ ಇದು. ಆಲಿಸಳ ಗೆಳೆಯ ಸ್ಯಾಮ್‌ನದು ಮಾಂಸದ ಅಂಗಡಿ. ಒಳ್ಳೆಯ ಮನುಷ್ಯ, ತಮಾಷೆಯ ಮನುಷ್ಯ. ಒಮ್ಮೆ ಬಾಬಿಯನ್ನು ನೋಡಿ ಅವನ ಎತ್ತರದ ಬಗ್ಗೆ ಒಂದು ಮಾತು ಹಾರಿಸುತ್ತಾನೆ. ನಮ್ಮಲ್ಲಿ ‘ಏನೋ ಕುಳ್ಳ’ ಅಂತೀವಲ್ಲ, ಆ ಥರದ್ದು. ಸ್ಯಾಮ್ ಅದನ್ನು ಆ ಕ್ಷಣವೇ ಮರೆತ. ಬಾಬಿ ಮರೆಯಲಿಲ್ಲ.

ಅಲ್ಲಿಂದ ಹುಡುಗನಿಗೆ ಒಂದೇ ಧ್ಯಾನ, ಎತ್ತರವಾಗಬೇಕು. ಜೋಕಾಲಿಯ ಕಂಬಿಗೆ ಜೋತು ಬೀಳುತ್ತಾನೆ, ಮೈ ಎಳೆದುಕೊಳ್ಳುತ್ತಾನೆ. ನೋಡುವ ನಮಗೆ ನಗು. ಅವನಿಗೆ ಅದು ನಗುವ ವಿಷಯವಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಬಾಬಿಯ ಪಾತ್ರ ಮಾಡಿದ ಮೈಕ್ ಲುಕಿನ್‌ಲ್ಯಾಂಡ್ ಹುಟ್ಟಿದ್ದು 1960ರ ಡಿಸೆಂಬರ್‌ನಲ್ಲಿ. ಕಂತು ಪ್ರಸಾರವಾದಾಗ ಅವನಿಗೆ 11 ತುಂಬಿ ಮೂರು ವಾರವೂ ಆಗಿರಲಿಲ್ಲ. ಅಣ್ಣ ಗ್ರೆಗ್ ಆಗಿದ್ದ ಬ್ಯಾರಿ ವಿಲಿಯಮ್ಸ್‌ಗೆ ಆಗ 17. ಹನ್ನೊಂದರ ಹುಡುಗ ದಿನಾ ಬೆಳಿಗ್ಗೆ ಹದಿನೇಳರವನ ಪಕ್ಕ ನಿಂತು ತನ್ನನ್ನು ಅಳೆದುಕೊಂಡರೆ ಗೆಲ್ಲುವುದು ಎಲ್ಲಿಂದ ಬಂತು? ಕೊನೆಯ ಮಕ್ಕಳ ಪಾಡೇ ಇದು. ಶಾಲೆಯಲ್ಲಿ ಅವರು ತಮ್ಮ ವಯಸ್ಸಿನವರ ಜತೆ ಇರುತ್ತಾರೆ. ಮನೆಗೆ ಬಂದರೆ ಎಲ್ಲರೂ ತಮಗಿಂತ ದೊಡ್ಡವರು.

ಕಂಬಿಗೆ ಜೋತು ಬಿದ್ದರೆ ಎತ್ತರವಾಗುತ್ತಾರೆಯೇ? ಆಗುವುದಿಲ್ಲ. ಬೆನ್ನುಮೂಳೆಯ ಬಿಲ್ಲೆಗಳ ನಡುವಿನ ಮೆತ್ತೆ ಹಗಲೆಲ್ಲ ನಮ್ಮ ಭಾರಕ್ಕೆ ಒತ್ತಿಕೊಂಡು, ರಾತ್ರಿ ಮಲಗಿದಾಗ ಮತ್ತೆ ಉಬ್ಬುತ್ತದೆ. ಹಾಗಾಗಿ ನಾವೆಲ್ಲರೂ ಬೆಳಿಗ್ಗೆ ಎದ್ದಾಗ ಸಂಜೆಗಿಂತ ಸುಮಾರು ಒಂದು ಸೆಂಟಿಮೀಟರ್ ಎತ್ತರ ಇರುತ್ತೇವೆ. ಜೋತು ಬಿದ್ದಾಗ ಸಿಗುವುದೂ ಇಂಥದ್ದೇ, ಬಂದಷ್ಟೇ ಬೇಗ ಹೋಗುತ್ತದೆ. ನಿಜವಾದ ಬೆಳವಣಿಗೆ ಉದ್ದ ಮೂಳೆಗಳ ತುದಿಯಲ್ಲಿ ನಡೆಯುತ್ತದೆ, ಅದಕ್ಕೆ ಅದರದೇ ಸಮಯ ಇದೆ. ಹುಡುಗಿಯರು ಸಾಮಾನ್ಯವಾಗಿ ಹುಡುಗರಿಗಿಂತ ಎರಡು ವರ್ಷ ಮೊದಲೇ ಎತ್ತರಕ್ಕೆ ಜಿಗಿಯುತ್ತಾರೆ. ಅಲ್ಲಿಯವರೆಗೆ ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತಿದ್ದ ಹುಡುಗ, ಹದಿಮೂರು ಹದಿನಾಲ್ಕರ ಹೊತ್ತಿಗೆ ಒಂದೇ ವರ್ಷದಲ್ಲಿ ಒಂಬತ್ತು ಹತ್ತು ಸೆಂಟಿಮೀಟರ್ ಏರುವುದುಂಟು. ಆರನೆಯ ತರಗತಿಯ ಫೋಟೋದಲ್ಲಿ ಹುಡುಗಿಯರು ಹಿಂದಿನ ಸಾಲಿನಲ್ಲೂ ಹುಡುಗರು ಮುಂದಿನ ಸಾಲಿನಲ್ಲೂ ಇರುವುದು ಇದಕ್ಕೇ. (ಬೆಳವಣಿಗೆ ಪೂರ್ತಿ ನಿಂತೇ ಹೋಗಿದೆ ಅನ್ನಿಸಿದರೆ ಮಾತ್ರ ಮಕ್ಕಳ ವೈದ್ಯರಿಗೆ ತೋರಿಸಿ, ಅದು ಬೇರೆ ಮಾತು.)

ಇದನ್ನೆಲ್ಲ ಬಾಬಿಗೆ ವಿವರಿಸಬಹುದಿತ್ತು. ಅವನು ತಲೆ ಆಡಿಸುತ್ತಿದ್ದ. ಒಳಗಿನ ನೋವು ಮಾತ್ರ ಹಾಗೇ ಇರುತ್ತಿತ್ತು.

ಆಮೇಲೆ ಏನಾಯಿತು? ಗ್ರೆಗ್ ಮತ್ತು ಬಾಬಿ ಸ್ಯಾಮ್‌ನ ಅಂಗಡಿಯಲ್ಲಿರುವಾಗ, ಮಾಂಸ ಇಡುವ ಕೋಲ್ಡ್ ರೂಮಿನೊಳಗೆ ಇಬ್ಬರೂ ಸಿಕ್ಕಿಹಾಕಿಕೊಳ್ಳುತ್ತಾರೆ. ಕೊರೆಯುವ ಚಳಿ. ಬಾಗಿಲು ತೆರೆಯುವುದಿಲ್ಲ. ಬಾಗಿಲಲ್ಲಿ ಒಂದು ಪುಟ್ಟ ಕಿಟಕಿ, ಅಷ್ಟೇ. ಎತ್ತರದ ಗ್ರೆಗ್, ಎಲ್ಲರೂ ಹೊಗಳುವ ಗ್ರೆಗ್, ಅದರಲ್ಲಿ ತೂರಲಾರ. ಬಾಬಿ ತೂರಬಲ್ಲ. ಬಾಬಿ ಹೊರಗೆ ಹೋಗುತ್ತಾನೆ, ಅಣ್ಣ ಉಳಿಯುತ್ತಾನೆ. ಯಾವ ಮೈಕಟ್ಟಿಗಾಗಿ ಇಷ್ಟು ದಿನ ಕಣ್ಣೀರಿಟ್ಟನೋ ಅದೇ ಆ ದಿನ ಕೆಲಸಕ್ಕೆ ಬಂತು.

‘ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು’ ಅಂತ ನಮ್ಮ ಗಾದೆ. ಕಂತನ್ನು ಅಷ್ಟಕ್ಕೇ ಮುಗಿಸಿಬಿಡಬಹುದು. ಆದರೆ ನನಗೊಂದು ತಕರಾರಿದೆ. ಚಿಕ್ಕವನು ಯಾರನ್ನಾದರೂ ಕಾಪಾಡಿದ ಮೇಲೆ ಮಾತ್ರ ಅವನಿಗೆ ಮರ್ಯಾದೆಯೇ? ನಿಮ್ಮ ಮನೆಯಲ್ಲಿ ಕೋಲ್ಡ್ ರೂಮ್ ಇಲ್ಲ, ನಮ್ಮ ಮನೆಯಲ್ಲೂ ಇಲ್ಲ. ಕತೆಗಾರ ಬಾಬಿಗೆ ಒಂದು ಅವಕಾಶ ಬರೆದುಕೊಟ್ಟ. ನಮ್ಮ ಮನೆಯ ಬಾಬಿಗಳಿಗೆ ಅದನ್ನು ನಾವೇ ಮಾಡಿಕೊಡಬೇಕು.

ಕಂತನ್ನು ಸರಿಯಾಗಿ ನೋಡಿ. ಕೊನೆಯಲ್ಲಿ ಬಾಬಿಯ ಎತ್ತರ ಒಂದು ಅಂಗುಲವೂ ಹೆಚ್ಚಿಲ್ಲ, ಆದರೂ ಅವನ ದುಃಖ ಹೋಗಿದೆ. ಅಂದರೆ ಅವನಿಗೆ ಬೇಕಿದ್ದದ್ದು ಅಂಗುಲವಲ್ಲ. ‘ಈ ಮನೆಯಲ್ಲಿ ನನ್ನಿಂದಲೂ ಒಂದು ಕೆಲಸ ಆಗುತ್ತದೆ’ ಅನ್ನುವ ನಂಬಿಕೆ ಬೇಕಿತ್ತು. ನಾವು ಕಿರಿಯರಿಗೆ ಮುದ್ದು ಕೊಡುತ್ತೇವೆ, ತಿಂಡಿ ಕೊಡುತ್ತೇವೆ, ಅಣ್ಣನ ಹಳೆ ಅಂಗಿ, ಅಕ್ಕನ ಹಳೆ ಸೈಕಲ್ ಕೊಡುತ್ತೇವೆ. ಕೆಲಸ ಮಾತ್ರ ಕೊಡುವುದಿಲ್ಲ. ‘ನೀನು ಚಿಕ್ಕವನು, ಬಿಡು’ ಅಂತೀವಿ. ಪ್ರೀತಿಯಿಂದಲೇ ಅನ್ನುತ್ತೇವೆ. ಹಾಗಾಗಿಯೇ ಅದಕ್ಕೆ ಎದುರು ಮಾತಾಡಲೂ ಅವನಿಗೆ ಆಗುವುದಿಲ್ಲ.

ಇನ್ನು ಅಡ್ಡಹೆಸರಿನ ಮಾತು. ‘ಕುಳ್ಳ’ ಅಂದ ಕೂಡಲೇ ಕನ್ನಡಿಗರಿಗೆಲ್ಲ ದ್ವಾರಕೀಶ್ ನೆನಪಾಗುತ್ತಾರೆ. 2024ರ ಏಪ್ರಿಲ್‌ನಲ್ಲಿ ನಮ್ಮನ್ನಗಲಿದ ಅವರು ಆ ಪದವನ್ನು ಬಿರುದಿನ ಹಾಗೆ ಧರಿಸಿದವರು. ಅವರ ‘ಕುಳ್ಳ ಏಜೆಂಟ್ 000’ ಬಂದದ್ದು ಬಾಬಿಯ ಕಂತು ಬಂದ 1972ರಲ್ಲೇ. ಮುಂದೆ ‘ಕಳ್ಳ ಕುಳ್ಳ’, ‘ಪ್ರಚಂಡ ಕುಳ್ಳ’. ಜನ ನಕ್ಕರು, ಮೆಚ್ಚಿದರು, ಟಿಕೆಟ್ ಕೊಂಡರು. ಹಾಗಾದರೆ ಕುಳ್ಳ ಅನ್ನುವುದರಲ್ಲಿ ತಪ್ಪೇನು ಅಂತ ಕೇಳಬಹುದು. ವ್ಯತ್ಯಾಸ ಇಲ್ಲಿದೆ. ದ್ವಾರಕೀಶ್ ಆಗ ಮೂವತ್ತರ ಗಂಡಸು, ಸ್ವತಃ ನಿರ್ಮಾಪಕ, ಆ ಹೆಸರನ್ನು ಪೋಸ್ಟರಿನ ಮೇಲೆ ತಾವೇ ಹಾಕಿಸಿಕೊಂಡರು. ಹನ್ನೊಂದರ ಮಗುವಿಗೆ ಆ ಆಯ್ಕೆ ಇಲ್ಲ. ಅದಕ್ಕೆ ಹೆಸರು ಇಡುವವರು ಬೇರೆಯವರು, ಹೊರುವುದು ಮಾತ್ರ ಅದು.

ಈಗ ನಮ್ಮ ಮನೆಗೆ ಬರೋಣ. ಇದೇ ಧಾರಾವಾಹಿಯಲ್ಲಿ 1970ರ ಇನ್ನೊಂದು ಕಂತಿದೆ. ಆರು ಮಕ್ಕಳಲ್ಲೂ ಕಿರಿಯಳಾದ ಸಿಂಡಿಗೆ ‘ಸ’ಕಾರ ಸರಿಯಾಗಿ ಬರುವುದಿಲ್ಲ. ನೆರೆಯ ಹುಡುಗನೊಬ್ಬ ಅವಳ ತೊದಲನ್ನು ಅಣಕಿಸುತ್ತಾನೆ. ಪಾತ್ರ ಮಾಡಿದ ಸೂಸನ್ ಓಲ್ಸನ್‌ಗೆ ಆ ತೊದಲು ನಿಜವಾಗಿಯೂ ಇತ್ತು, ನಟನೆಯಲ್ಲ. ಆ ಕಂತನ್ನು ನೆನೆದಾಗಲೆಲ್ಲ ಹೊರನಾಡಿನ ನಮ್ಮ ಮಕ್ಕಳು ಕಣ್ಣ ಮುಂದೆ ಬರುತ್ತಾರೆ.

ಎಷ್ಟೋ ಮನೆಗಳಲ್ಲಿ ದೊಡ್ಡವಳು ಊರಲ್ಲಿ ಹುಟ್ಟಿ, ಅಜ್ಜಿಯ ಬಾಯಿಂದ ಕನ್ನಡ ಕಲಿತು ಬಂದಿರುತ್ತಾಳೆ. ಕಿರಿಯವನು ಇಲ್ಲೇ ಹುಟ್ಟಿದವನು. ಕೆಳಗೆ ಆಟಕ್ಕೆ ಹೋದರೆ ಮರಾಠಿಯೋ ಹಿಂದಿಯೋ ತಮಿಳೋ, ಶಾಲೆಯಲ್ಲಿ ಇಂಗ್ಲಿಷು. ರಜೆಗೆ ಊರಿಗೆ ಹೋದಾಗ ‘ಅಜ್ಜಿ ಬಂದ’ ಅಂದುಬಿಡುತ್ತಾನೆ. ಮನೆಯೆಲ್ಲ ಗೊಳ್ಳೆಂದು ನಗುತ್ತದೆ. ಚಿಕ್ಕಪ್ಪ ಅದನ್ನು ನಾಲ್ಕು ಜನರ ಮುಂದೆ ಮತ್ತೆ ಹೇಳಿಸುತ್ತಾನೆ. ಯಾರಲ್ಲೂ ಕೆಟ್ಟ ಮನಸ್ಸಿಲ್ಲ, ಸ್ಯಾಮ್‌ಗೂ ಇರಲಿಲ್ಲ. ಮರುದಿನದಿಂದ ಹುಡುಗ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ನಾವು ‘ಇವನಿಗೆ ಕನ್ನಡ ಅಂದರೆ ಆಸಕ್ತಿಯೇ ಇಲ್ಲ’ ಅಂತ ಗೊಣಗುತ್ತೇವೆ. ಆಸಕ್ತಿ ಇಲ್ಲದ್ದಲ್ಲ ಸ್ವಾಮಿ, ನಾಚಿಕೆ. ಎತ್ತರಕ್ಕಾದರೆ ಕಾದರೆ ಸಾಕು, ವಯಸ್ಸು ತಾನೇ ತಂದುಕೊಡುತ್ತದೆ. ಬಿಟ್ಟುಹೋದ ಭಾಷೆಯನ್ನು ವಯಸ್ಸು ತಂದುಕೊಡುವುದಿಲ್ಲ.

ಏನು ಮಾಡಬಹುದು? ದೊಡ್ಡ ಉಪಾಯವೇನೂ ಬೇಡ. ಮೊದಲನೆಯದು, ಅವನು ತಪ್ಪಾಗಿ ಹೇಳಿದ ಮಾತನ್ನು ಸರಿಯಾದ ರೂಪದಲ್ಲಿ ನೀವು ಒಮ್ಮೆ ಹೇಳಿ, ಮಾತು ಮುಂದುವರಿಸಿ. ‘ಹೌದು, ಅಜ್ಜಿ ಬಂದರು, ಬಾಗಿಲು ತೆಗಿ’ ಅಂದರೆ ಪಾಠವೂ ಆಯಿತು, ಮಾನವೂ ಉಳಿಯಿತು. ಎರಡನೆಯದು, ಅವನ ತಪ್ಪನ್ನು ನೆಂಟರ ಮುಂದೆ ಜೋಕು ಮಾಡಬೇಡಿ, ಮಾಡುವವರನ್ನು ಮೆಲ್ಲಗೆ ತಡೆಯಿರಿ. ಮೂರನೆಯದು, ಅವನಿಗೆ ಕನ್ನಡದಲ್ಲಿ ಒಂದು ಕೆಲಸ ಕೊಡಿ. ಭಾನುವಾರ ಊರಿಗೆ ಫೋನ್ ಮಾಡಿ ಅಜ್ಜಿಗೆ ವಾರದ ಸುದ್ದಿ ಹೇಳುವ ಜವಾಬ್ದಾರಿ ಅವನದೇ ಇರಲಿ. ಅಕ್ಕ ಪಕ್ಕದಿಂದ ಹೇಳಿಕೊಡಕೂಡದು. ಅಜ್ಜಿಗೆ ಕಣ್ಣು ಮಂಜಾಗಿದ್ದರೆ ಇನ್ನೂ ಒಳ್ಳೆಯದಾಯಿತು, ಒಂದು ಪುಟ್ಟ ಕತೆ ಓದಿ ಹೇಳಲಿ. ತಡವರಿಸಲಿ, ಪರವಾಗಿಲ್ಲ. ಕೇಳುವವರಿಗೆ ಅವನು ಬೇಕು, ಅದು ಅವನಿಗೆ ಗೊತ್ತಾಗುತ್ತದೆ.

ಇನ್ನು ಮನೆಯ ಹಿರಿಯ ಮಕ್ಕಳಿಗೆ ಒಂದು ಮಾತು. ಆ ಕೋಲ್ಡ್ ರೂಮಿನೊಳಗೆ ಗ್ರೆಗ್‌ಗೆ ಒಂದು ಸಂಗತಿ ತಿಳಿಯಿತು, ತಾನು ದೊಡ್ಡವನಾದರೂ ತನ್ನಿಂದ ಆಗದ್ದು ಇದೆ ಅಂತ. ಅಷ್ಟು ಚಳಿ ಅನುಭವಿಸದೆಯೂ ನೀವು ಅದನ್ನು ತಿಳಿದುಕೊಳ್ಳಬಹುದು. ತಮ್ಮನನ್ನೋ ತಂಗಿಯನ್ನೋ ಕರೆದು, ನಿಮಗೆ ಬಾರದ ಒಂದನ್ನು ಕಲಿಸಿಕೊಡು ಅಂತ ಕೇಳಿ ನೋಡಿ. ಮೊಬೈಲಿನದೋ ಚೆಸ್ಸಿನದೋ ಏನೋ ಒಂದು ಇದ್ದೇ ಇರುತ್ತದೆ.

ಈ ಭಾನುವಾರ ಊರಿಗೆ ಫೋನ್ ಮಾಡುವಾಗ ಮೊದಲು ಫೋನನ್ನು ಕಿರಿಯವರ ಕೈಗೆ ಕೊಡಿ. ಅವರು ಮಾತಾಡಲಿ, ನೀವು ನಿಮ್ಮ ಸರದಿಗೆ ಕಾಯಿರಿ.