ಎರಡು ಮನೆಗಳ ನಡುವಿನ ಬಯಲು

(ವಿಜಯಪುರದ ಜಲನಗರದಲ್ಲಿ ನಿವಾಸಿಗಳ ಮುಂದೆ ಆಡಿದ ಮಾತುಗಳ ಬರಹರೂಪ)



ವರದಿಗಾರರು ಪ್ರತಿ ಮಳೆಗಾಲದಲ್ಲೂ ಬರೆಯುವ ಸುದ್ದಿಯೊಂದಿದೆ: ‘ಗೋಡೆ ಕುಸಿದು ಸಾವು’. ಮಳೆಯೇ ಕಾರಣವೆಂದು ನಾಲ್ಕು ಸಾಲಿನಲ್ಲಿ ಮುಗಿಸುತ್ತೇವೆ. ಮಳೆಯೊಂದೇ ಕಾರಣವಲ್ಲ ಎಂದು ಹೇಳಲು ಇಂದು ನಿಮ್ಮೆದುರು ನಿಂತಿದ್ದೇನೆ.

ನಮ್ಮ ಊರಿಗೆ ಪಾಳು ಹೊಸದಲ್ಲ. 1686ರಲ್ಲಿ ಔರಂಗಜೇಬ ಆದಿಲಶಾಹಿಗಳ ಈ ರಾಜಧಾನಿಯನ್ನು ಗೆದ್ದ ಮೇಲೆ ಅರಮನೆಗಳಿಗೆ ದಿಕ್ಕಿಲ್ಲದಾಯಿತು. ಸುಮಾರು ಇನ್ನೂರು ವರ್ಷಗಳ ನಂತರ, 1885ರಲ್ಲಿ, ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂತು. ಆಗ ಬ್ರಿಟಿಷರು ಕೆಲವು ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡಿ ಕಚೇರಿಗಳನ್ನಾಗಿ ಮಾಡಿಕೊಂಡರು. ಚೀನಿ ಮಹಲ್ ಅಂಥದೊಂದು. ಜನ ಓಡಾಡುವ ಕಟ್ಟಡವನ್ನು ಯಾರಾದರೂ ನೋಡಿಕೊಳ್ಳುತ್ತಾರೆ.

ಹಳೆಯ ಓಣಿಗಳ ಮನೆಗಳದ್ದೂ ಇದೇ ಕಥೆ. ಕಲ್ಲು ಮಣ್ಣಿನ ಗೋಡೆ, ತೊಲೆ, ಜಂತಿ, ಮೇಲೆ ಮಣ್ಣಿನ ಮಾಳಿಗೆ. ಮಳೆಗೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಲೇಬೇಕು. ಮನೆಯವರು ಪುಣೆಗೋ ಬೆಂಗಳೂರಿಗೋ ಹೋಗಿದ್ದರೆ, ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ ಕೋರ್ಟಿನಲ್ಲಿದ್ದರೆ ಮಣ್ಣು ಹಾಕುವವರು ಯಾರು? ಮೊದಲು ಮಾಳಿಗೆ ಸೋರುತ್ತದೆ, ಆಮೇಲೆ ಜಂತಿ ಕೊಳೆಯುತ್ತದೆ, ಕೊನೆಗೆ ಗೋಡೆ ಬೀಳುತ್ತದೆ. ಉಳಿಯುವುದು ಜಾಲಿಕಂಟಿ ಬೆಳೆದ, ಓಣಿಯ ಕಸವೆಲ್ಲ ಬಂದು ಬೀಳುವ ಖಾಲಿ ಜಾಗ.

ಒಂದು ದಿನ ಅದು ಮಾರಾಟವಾಗುತ್ತದೆ, ಜೆಸಿಬಿ ಬರುತ್ತದೆ. ಅಪಾಯ ಇಲ್ಲಿದೆ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಪಕ್ಕದ ಮನೆಯ ತಳಪಾಯಕ್ಕಿಂತ ಆಳವಾಗಿ ಅಗೆದು ಹಾಗೇ ಬಿಟ್ಟರೆ, ಗುಂಡಿಯಲ್ಲಿ ಮಳೆನೀರು ನಿಂತು ಆ ಮನೆಯ ಕೆಳಗಿನ ಮಣ್ಣು ಸಡಿಲಾಗುತ್ತದೆ. ಹೊಸ ಕಟ್ಟಡ ಗಟ್ಟಿಯಾಗಿ ಏಳುತ್ತದೆ. ಬೀಳುವುದು ನೆರೆಯವರ ಗೋಡೆ. ಜಲನಗರದಂಥ ಬಡಾವಣೆಯಲ್ಲಿ ಮನೆ ಹೊಸದಿರಬಹುದು, ಮಣ್ಣಿನ ಗುಣ ಬದಲಾಗುವುದಿಲ್ಲ.

ಗೋಳಗುಮ್ಮಟದಂಥ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದು, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು ಎನ್ನುತ್ತದೆ 2010ರ ಕಾನೂನು ತಿದ್ದುಪಡಿ. ಗುಮ್ಮಟಕ್ಕೆ ಅಷ್ಟು ಜಾಗ ಬಿಡುವ ನಾವು ನೆರೆಮನೆಯ ಗೋಡೆಗೆ ನಾಲ್ಕು ಅಡಿ ಬಿಡಲಾರೆವೆ?

ಹೊಸ ಮನೆ ಬೇಡವೆಂದು ನಾನು ಹೇಳುತ್ತಿಲ್ಲ. ಊರು ಬೆಳೆಯಲೇಬೇಕು. ಆದರೆ ಪಾಯ ಅಗೆಯುವ ಮೊದಲು ಪಕ್ಕದವರಿಗೆ ತಿಳಿಸಿ. ಬೇಸಿಗೆಯಲ್ಲೇ ಅಗೆದು, ಮಳೆಗೆ ಮುಂಚೆ ಪಾಯ ತುಂಬಿಸಿ. ಪರಊರಿನಲ್ಲಿರುವವರು ಹಳೆಯ ಮನೆಯ ಕೀಲಿಯನ್ನು ನಂಬಿಕಸ್ಥರೊಬ್ಬರ ಕೈಗೆ ಕೊಟ್ಟು ಹೋಗಿ. ಬರುವ ಮಳೆಗಾಲದಲ್ಲಿ ಆ ನಾಲ್ಕು ಸಾಲು ಬರೆಯುವ ಕೆಲಸ ನಮಗೆ ತಪ್ಪಲಿ.